ಫೋನಿನಲ್ಲಿ ಗೊರಗೊರ, ನೆಟ್ ನಿಧಾನ: ದೋಷ ಇರುವುದೆಲ್ಲಿ?

ಮಳೆ ಹಿಡಿದರೆ ನೆಟ್ ತೆವಳುತ್ತದೆ. ಎರಡು ದಿನ ಬಿಸಿಲು ಬಿದ್ದರೆ ತಾನಾಗಿ ಸರಿಯಾಗುತ್ತದೆ. ಯಾರಾದರೂ ಫೋನ್ ಮಾಡಿದರೆ ಮೋಡೆಮ್‌ನ ದೀಪ ಆರಿಹೋಗುತ್ತದೆ. ರಿಸೀವರ್ ಎತ್ತಿದರೆ ಕಿವಿಯಲ್ಲಿ ಗೊರಗೊರ ಸದ್ದು. ಸ್ಥಿರ ದೂರವಾಣಿಯ ತಂತಿಯಲ್ಲೇ ಬ್ರಾಡ್‌ಬ್ಯಾಂಡ್ ಇಟ್ಟುಕೊಂಡಿರುವ ಮಲೆನಾಡು, ಕರಾವಳಿಯ ಒಂಟಿ ಮನೆಗಳವರಿಗೆ ಇದು ಪ್ರತಿ ಮಳೆಗಾಲದ ಗೋಳು.

ಈಗಲೂ ತಾಮ್ರದ ತಂತಿಯೇ ಎಂದು ಪೇಟೆಯವರು ಕೇಳಬಹುದು. ಗುಡ್ಡದ ಮರೆಯ ಮನೆಗೆ ಮೊಬೈಲ್ ಸಿಗ್ನಲ್ ಬರುವುದಿಲ್ಲ. ಫೈಬರ್ ಊರಿನ ಮುಖ್ಯರಸ್ತೆಯವರೆಗೆ ಬಂದು ನಿಂತಿದೆ. ಅಲ್ಲಿಂದ ತೋಟ ದಾಟಿ ಮನೆ ತಲುಪಲು ಇನ್ನೂ ಒಂದು ಕಿಲೋಮೀಟರ್ ಇದೆ. ಅಲ್ಲಿಯವರೆಗೆ ಮಗಳ ಪಾಠವೂ ಮಗನ ಕಚೇರಿ ಕೆಲಸವೂ ಆ ಎರಡೆಳೆ ತಂತಿಯ ಮೇಲೆಯೇ ನಡೆಯಬೇಕು.

ತೊಂದರೆ ಬಂದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ಹೊಸ ಮೋಡೆಮ್ ತರುವುದು. ಅದಕ್ಕಿಂತ ಮುಂಚೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ದೋಷ ಮನೆಯ ಒಳಗಿದೆಯೋ ಹೊರಗಿದೆಯೋ ಎಂದು ನೋಡಿ. ಒಳಗಿದ್ದರೆ ನೂರಿನ್ನೂರು ರೂಪಾಯಿಯಲ್ಲಿ ನೀವೇ ಸರಿಪಡಿಸಬಹುದು. ಹೊರಗಿದ್ದರೆ ಎಷ್ಟು ಮೋಡೆಮ್ ಬದಲಿಸಿದರೂ ಉಪಯೋಗವಿಲ್ಲ. ಈ ಪರೀಕ್ಷೆಗೆ ಬೇಕಾದ ಮುಖ್ಯ ಉಪಕರಣ ನಿಮ್ಮ ಮನೆಯಲ್ಲೇ ಇದೆ. ತಂತಿ ಇರುವ ಹಳೆಯ ಫೋನ್, ಮತ್ತು ನಿಮ್ಮ ಕಿವಿ.

ಒಂದೇ ತಂತಿ, ಎರಡು ಕೆಲಸ

ಮೊದಲು ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಳ್ಳೋಣ. ದೂರವಾಣಿ ಕೇಂದ್ರದಿಂದ, ಅಂದರೆ ಎಕ್ಸ್‌ಚೇಂಜಿನಿಂದ, ನಿಮ್ಮ ಮನೆಗೆ ಒಂದು ಜೊತೆ ತಾಮ್ರದ ಎಳೆ ಬರುತ್ತದೆ. ನಮ್ಮ ಮಾತಿಗೆ ಬೇಕಾಗುವುದು ಸುಮಾರು 300ರಿಂದ 3,400 ಹರ್ಟ್ಜ್‌ವರೆಗಿನ ಕಂಪನಾಂಕ ಮಾತ್ರ. ಕಂಪನಾಂಕ ಎಂದರೆ ವಿದ್ಯುತ್ ಅಲೆ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಏರಿಳಿಯುತ್ತದೆ ಎಂಬ ಲೆಕ್ಕ. ಅದರ ಮೇಲಿನ ಜಾಗವೆಲ್ಲ ತಂತಿಯಲ್ಲಿ ಖಾಲಿ ಬಿದ್ದಿತ್ತು. ಆ ಖಾಲಿ ಜಾಗವನ್ನು ಬಳಸುವ ತಂತ್ರಕ್ಕೆ ಎಡಿಎಸ್‌ಎಲ್ ಎಂದು ಹೆಸರು. ನೀವು ಕಳಿಸುವ ಮಾಹಿತಿ ಸುಮಾರು 26ರಿಂದ 138 ಕಿಲೋಹರ್ಟ್ಜ್ ನಡುವೆ ಹೋಗುತ್ತದೆ. ನಿಮಗೆ ಬರುವ ಮಾಹಿತಿ ಅದರ ಮೇಲೆ 1,104 ಕಿಲೋಹರ್ಟ್ಜ್‌ವರೆಗೆ ಹರಡಿಕೊಂಡು ಬರುತ್ತದೆ. ಬರುವುದಕ್ಕೆ ಜಾಗ ಹೆಚ್ಚು, ಹೋಗುವುದಕ್ಕೆ ಕಡಿಮೆ. ಅದಕ್ಕೇ ವಿಡಿಯೊ ನೋಡುವುದು ಸಲೀಸು, ಫೋಟೊ ಕಳಿಸುವುದು ನಿಧಾನ. ಎಡಿಎಸ್‌ಎಲ್2 ಪ್ಲಸ್ ಎಂಬ ಮುಂದಿನ ರೂಪ ಮೇಲಿನ ಗಡಿಯನ್ನು ಎರಡು ಪಟ್ಟು ಹಿಗ್ಗಿಸಿತು. ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಬ್ರಾಡ್‌ಬ್ಯಾಂಡ್ ಸೇವೆ ಶುರುಮಾಡಿದಾಗ ಇದೇ ಬಗೆಯ ತಂತ್ರದಿಂದ, ಮೊದಲೇ ಇದ್ದ ಫೋನ್ ತಂತಿಯ ಮೇಲೆ ನೆಟ್ ಮನೆಮನೆಗೆ ಬಂತು.

ಈ ಜಾಗವನ್ನು ಮೋಡೆಮ್ ನೂರಾರು ಸಣ್ಣ ಓಣಿಗಳಾಗಿ ಹಂಚಿಕೊಳ್ಳುತ್ತದೆ. ಎಡಿಎಸ್‌ಎಲ್‌ನಲ್ಲಿ 256, ಎಡಿಎಸ್‌ಎಲ್2 ಪ್ಲಸ್‌ನಲ್ಲಿ 512. ಯಾವ ಓಣಿಯಲ್ಲಿ ಗದ್ದಲ ಹೆಚ್ಚೋ ಅಲ್ಲಿ ಕಡಿಮೆ ಮಾಹಿತಿ ಹಾಕುತ್ತದೆ. ಗದ್ದಲ ತೀರಾ ಹೆಚ್ಚಾದರೆ ಆ ಓಣಿಯನ್ನೇ ಬಿಟ್ಟುಬಿಡುತ್ತದೆ. ಹಾಗಾಗಿ ತಂತಿಯಲ್ಲಿ ಗದ್ದಲ ಇದ್ದರೆ ನೆಟ್ ಕೂಡಲೇ ಸಾಯುವುದಿಲ್ಲ. ಮೊದಲು ನಿಧಾನವಾಗುತ್ತದೆ, ಆಮೇಲೆ ಆಗಾಗ ಕಡಿದುಹೋಗುತ್ತದೆ.

ಗದ್ದಲ ಒಳಗೆ ನುಗ್ಗುವುದು ಹೇಗೆ?

ಫೋನ್ ಕೇಬಲ್ಲಿನ ಎರಡು ಎಳೆಗಳನ್ನು ಒಂದಕ್ಕೊಂದು ಹೊಸೆದಿರುತ್ತಾರೆ. ಈ ಉಪಾಯಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲೇ ಪೇಟೆಂಟ್ ಪಡೆದಿದ್ದ. ಪಕ್ಕದಲ್ಲಿ ಕರೆಂಟ್ ತಂತಿ ಹೋಗಿದೆ ಎನ್ನಿ. ಅದರ ಗುಂಯ್‌ಗುಟ್ಟುವಿಕೆ ಎರಡೂ ಎಳೆಗಳ ಮೇಲೆ ಸಮನಾಗಿ ಬೀಳುತ್ತದೆ. ಫೋನೂ ಮೋಡೆಮ್ಮೂ ನೋಡುವುದು ಎರಡು ಎಳೆಗಳ ನಡುವಿನ ವ್ಯತ್ಯಾಸವನ್ನು ಮಾತ್ರ. ಎರಡರ ಮೇಲೂ ಒಂದೇ ಅಳತೆಯ ಗದ್ದಲ ಬಿದ್ದರೆ ವ್ಯತ್ಯಾಸ ಸೊನ್ನೆ. ಗದ್ದಲ ಅಲ್ಲೇ ಅಳಿದುಹೋಗುತ್ತದೆ.

ಈ ಸಮತೂಕ ತಪ್ಪುವುದು ಜಾಯಿಂಟ್‌ಗಳಲ್ಲಿ, ಅಂದರೆ ತಂತಿಗೆ ತಂತಿ ಸೇರಿಸಿದ ಕಡೆ. ಒಂದು ಎಳೆಯ ಜಾಯಿಂಟಿಗೆ ನೀರು ಹೋಗುತ್ತದೆ. ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಆ ಎಳೆಯಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಅಥವಾ ಒಂದು ಎಳೆಯ ಸಿಪ್ಪೆ ಸುಲಿದು ಒದ್ದೆ ಕಂಬಕ್ಕೋ ಮರದ ಕೊಂಬೆಗೋ ತಾಗುತ್ತದೆ. ಆಗ ಎರಡು ಎಳೆಗಳ ಸಮತೂಕ ಹೋಯಿತು. ಇಷ್ಟು ದಿನ ಅಳಿದುಹೋಗುತ್ತಿದ್ದ ಗದ್ದಲವೆಲ್ಲ ಒಳಗೆ ಉಳಿಯುತ್ತದೆ. ಮಳೆಯಲ್ಲಿ ಕೆಡುವುದಕ್ಕೂ ಬಿಸಿಲಿನಲ್ಲಿ ಸರಿಯಾಗುವುದಕ್ಕೂ ಕಾರಣ ಇದೇ. ಒಣಗಿದಾಗ ಸರಿಯಾಯಿತು ಎಂದು ಬಿಟ್ಟುಬಿಡಬೇಡಿ. ಪ್ರತಿ ಸಲ ಒದ್ದೆಯಾಗಿ ಒಣಗಿದಾಗಲೂ ಕಿಲುಬು ಇನ್ನಷ್ಟು ದಪ್ಪವಾಗುತ್ತದೆ.

ಮೊದಲು ಕಿವಿ ಕೊಡಿ

ಈಗ ಪರೀಕ್ಷೆ. ಕಾರ್ಡ್‌ಲೆಸ್ ಫೋನ್ ಬೇಡ, ಅದಕ್ಕೆ ತನ್ನದೇ ಸದ್ದು ಇರುತ್ತದೆ. ತಂತಿಯ ಫೋನ್ ತೆಗೆದುಕೊಳ್ಳಿ. ಹೊರಗಿನಿಂದ ಬಂದ ತಂತಿ ಮನೆಯೊಳಗೆ ಮೊದಲು ಸೇರುವ ಚಿಕ್ಕ ಪೆಟ್ಟಿಗೆಗೆ ರೋಸೆಟ್ ಎನ್ನುತ್ತಾರೆ. ಅದಕ್ಕೆ ಸೇರಿಸಿದ ಮೋಡೆಮ್, ಸ್ಪ್ಲಿಟರ್, ಬೇರೆ ಫೋನ್ ಎಲ್ಲವನ್ನೂ ಬಿಡಿಸಿ. ಈ ಒಂದು ಫೋನನ್ನು ಮಾತ್ರ ನೇರವಾಗಿ ಸಿಕ್ಕಿಸಿ. ರಿಸೀವರ್ ಎತ್ತಿ. ಡಯಲ್ ಟೋನ್ ಬರುತ್ತದೆ. ಯಾವುದಾದರೂ ಒಂದು ಅಂಕಿ, 2 ಎನ್ನಿ, ಒಮ್ಮೆ ಒತ್ತಿ. ಟೋನ್ ನಿಂತು ಕೆಲವು ಸೆಕೆಂಡು ಪೂರ್ತಿ ಮೌನ ಇರಬೇಕು. ಆ ಮೌನದಲ್ಲಿ ಏನು ಕೇಳುತ್ತದೆ ಎಂಬುದೇ ನಿಮ್ಮ ಉತ್ತರ. ಒಮ್ಮೆ ಸಾಲದು. ನಾಲ್ಕೈದು ಸಲ ಮಾಡಿ. ಗಾಳಿ ಬೀಸುವಾಗ ಒಮ್ಮೆ, ಮಳೆ ಬರುವಾಗ ಒಮ್ಮೆ ಮಾಡಿ. ಗುಡುಗು ಇದ್ದರೆ ಮಾತ್ರ ಹತ್ತಿರ ಹೋಗಬೇಡಿ.

ಪಟಪಟ, ಚರಚರ ಎಂದರೆ ಎಲ್ಲೋ ಜಾಯಿಂಟ್ ಸಡಿಲವಾಗಿದೆ ಅಥವಾ ಕಿಲುಬು ಹಿಡಿದಿದೆ. ಗಾಳಿಗೆ ಅದು ಹೆಚ್ಚಾದರೆ ತಂತಿ ಕೊಂಬೆಗೆ ಉಜ್ಜುತ್ತಿರಬಹುದು. ಒಂದೇ ಸಮನೆ ಗುಂಯ್ ಎಂದರೆ ಒಂದು ಎಳೆ ನೆಲಕ್ಕೆ ಸೋರುತ್ತಿದೆ, ಅಂದರೆ ಅರ್ಥ್ ಆಗಿದೆ. ಬೇರೆಯವರ ಮಾತು ಕೇಳಿದರೆ ದೊಡ್ಡ ಕೇಬಲ್ಲಿನೊಳಗೆ ನೀರು ಹೋಗಿ ಪಕ್ಕದ ಜೋಡಿಯ ಸಿಗ್ನಲ್ ನಿಮ್ಮ ಜೋಡಿಗೆ ದಾಟುತ್ತಿದೆ. ರೋಸೆಟ್‌ನ ತಿರುಪುಗಳು ಸರಿಯಿದ್ದರೆ ಇವು ಮೂರೂ ಹೊರಗಿನ ಕೆಲಸ.

ಸೆಕೆಂಡಿಗೊಮ್ಮೆ ತಪ್ಪದೆ ಟಕ್, ಟಕ್ ಎನ್ನುತ್ತಿದ್ದರೆ ತೋಟದ ಕಡೆ ನೋಡಿ. ಕಾಡುಹಂದಿ, ಆನೆ ತಡೆಯಲು ಹಾಕುವ ಸೋಲಾರ್ ಬೇಲಿಯ ಯಂತ್ರ ಸುಮಾರು ಸೆಕೆಂಡಿಗೊಂದರಂತೆ ಹೊಡೆತ ಬಿಡುತ್ತದೆ. ಬೇಲಿ ತಂತಿಗೆ ಹುಲ್ಲು, ಬಳ್ಳಿ ಬೆಳೆದು ತಾಗಿದರೆ ಆ ಹೊಡೆತ ನೆಲಕ್ಕೆ ಇಳಿಯುತ್ತದೆ. ಫೋನ್ ತಂತಿ ಬೇಲಿಯ ಪಕ್ಕದಲ್ಲೇ ಉದ್ದಕ್ಕೂ ಹೋಗಿದ್ದರೆ ಅದು ಇಲ್ಲಿ ಕೇಳುತ್ತದೆ. ಬೇಲಿಯ ಯಂತ್ರವನ್ನು ಐದು ನಿಮಿಷ ಆರಿಸಿ ನೋಡಿ. ಟಕ್ ಸದ್ದು ನಿಂತರೆ ಬಳ್ಳಿ ಸವರಿ, ಯಂತ್ರದ ಅರ್ಥ್ ಸರಳು ಸರಿಯಾಗಿದೆಯೇ ನೋಡಿ. ಇದಕ್ಕೆ ಲೈನ್‌ಮನ್ ಬೇಕಿಲ್ಲ.

ಇನ್ನೆರಡು ವಿಚಿತ್ರ ಲಕ್ಷಣಗಳಿವೆ, ಜನ ಇವಕ್ಕೆ ತುಂಬ ಗೊಂದಲಪಡುತ್ತಾರೆ. ಒಂದು, ಫೋನ್ ಪೂರ್ತಿ ಸತ್ತಿದೆ, ಡಯಲ್ ಟೋನೇ ಇಲ್ಲ, ಆದರೆ ನೆಟ್ ಹೇಗೋ ಕುಂಟುತ್ತಾ ಬರುತ್ತಿದೆ. ಇದು ಸಾಧ್ಯವೇ? ಸಾಧ್ಯ. ಎರಡರಲ್ಲಿ ಒಂದು ಎಳೆ ಕಡಿದಿದೆ. ಫೋನಿಗೆ ಬೇಕಾದ ನೇರ ವಿದ್ಯುತ್ ಆ ಬಿರುಕು ದಾಟಲಾರದು. ನೆಟ್‌ನ ವೇಗದ ಅಲೆಗಳು ಸಣ್ಣ ಬಿರುಕನ್ನು ಅಲ್ಪಸ್ವಲ್ಪ ದಾಟುತ್ತವೆ. ಇಂಥ ಹೊತ್ತಿನಲ್ಲಿ ಫೋನ್ ಉಪಕರಣ ಕೆಟ್ಟಿದೆ ಎಂದುಕೊಂಡು ಹೊಸ ಫೋನ್ ತರಬೇಡಿ. ಎರಡು, ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಗೊರಗೊರ ಕಡಿಮೆಯಾಗುತ್ತದೆ, ನೆಟ್ಟೂ ಒಂದೆರಡು ಗಂಟೆ ಚೆನ್ನಾಗಿರುತ್ತದೆ. ರಿಸೀವರ್ ಎತ್ತಿದಾಗ ತಂತಿಯಲ್ಲಿ ಹರಿಯುವ ವಿದ್ಯುತ್ ಜಾಯಿಂಟಿನ ಕಿಲುಬಿನ ತೆಳು ಪೊರೆಯನ್ನು ಸೀಳುತ್ತದೆ. ಪೊರೆ ಮತ್ತೆ ಕಟ್ಟಿದಾಗ ತೊಂದರೆ ಮರಳುತ್ತದೆ. ಕಿಲುಬು ಹಿಡಿದ ಜಾಯಿಂಟಿಗೆ ಇದಕ್ಕಿಂತ ಸ್ಪಷ್ಟ ಗುರುತು ಇಲ್ಲ. ಲೈನ್‌ಮನ್‌ಗೆ ಈ ಮಾತನ್ನು ಮರೆಯದೆ ಹೇಳಿ.

ಮೌನದಲ್ಲಿ ಏನೂ ಕೇಳಿಸಲಿಲ್ಲವೇ? ಹಾಗಿದ್ದರೆ ದೋಷ ಮನೆಯೊಳಗೆ ಇರುವ ಸಂಭವ ಹೆಚ್ಚು. ಬಿಡಿಸಿದ್ದನ್ನೆಲ್ಲ ಒಂದೊಂದಾಗಿ ಮತ್ತೆ ಸೇರಿಸುತ್ತಾ ಬನ್ನಿ. ಪ್ರತಿಯೊಂದು ಸೇರಿಸಿದ ಮೇಲೂ ಕಿವಿ ಕೊಡಿ. ಯಾವುದನ್ನು ಸೇರಿಸಿದಾಗ ಸದ್ದು ಶುರುವಾಯಿತೋ ಅಲ್ಲಿದೆ ದೋಷ.

ಮನೆಯೊಳಗಿನ ರಿಪೇರಿ

ಕೆಲಸಕ್ಕೆ ಮುಂಚೆ ಒಂದು ಎಚ್ಚರಿಕೆ. ಫೋನ್ ತಂತಿಯಲ್ಲಿ ಸುಮ್ಮನಿದ್ದಾಗಲೂ ಸುಮಾರು 48 ವೋಲ್ಟ್ ಇರುತ್ತದೆ. ರಿಂಗ್ ಬಂದಾಗ ಅದರ ಮೇಲೆ 75 ವೋಲ್ಟ್ ಆಸುಪಾಸಿನ ಹೊಡೆತ ಬರುತ್ತದೆ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ಸಿಡಿಲು ಮಳೆಯಲ್ಲಿ ಈ ಕೆಲಸ ಬೇಡವೇ ಬೇಡ. ಕಂಬ ಹತ್ತಬೇಡಿ, ಅಲ್ಲಿ ಕರೆಂಟ್ ತಂತಿ ತಾಗಿರಬಹುದು.

ರೋಸೆಟ್ ಬಿಚ್ಚಿ ನೋಡಿ. ನಮ್ಮ ಮನೆಯಲ್ಲಿ ಒಂದು ವರ್ಷ ನೆಟ್ ಪದೇಪದೇ ಕಡಿಯುತ್ತಿತ್ತು. ಎರಡು ವಾರ ಎಲ್ಲೆಲ್ಲೋ ಹುಡುಕಿ ಕೊನೆಗೆ ಜಗಲಿಯ ರೋಸೆಟ್ ಮುಚ್ಚಳ ತೆಗೆದೆ. ಒಳಗೆ ಇರುವೆ ಗೂಡು, ಮಣ್ಣು, ಹಸಿರುಗಟ್ಟಿದ ಎರಡು ತಿರುಪು. ಸರಿಮಾಡಲು ಹತ್ತು ನಿಮಿಷ ಸಾಕಾಯಿತು. ತಂತಿಯ ತುದಿಯನ್ನು ಅರ್ಧ ಇಂಚು ಕತ್ತರಿಸಿ, ಹೊಸದಾಗಿ ಸಿಪ್ಪೆ ಸುಲಿದು, ಹೊಳೆಯುವ ತಾಮ್ರವನ್ನು ತಿರುಪಿಗೆ ಸುತ್ತಿ ಬಿಗಿಯಬೇಕು. ಕಿಲುಬು ಕೆರೆದು ಅದೇ ತುದಿಯನ್ನು ಮತ್ತೆ ಬಿಗಿದರೆ ತಿಂಗಳು ಬಾಳುವುದಿಲ್ಲ. ತಿರುಪೇ ತುಕ್ಕು ಹಿಡಿದಿದ್ದರೆ ಪೆಟ್ಟಿಗೆಯನ್ನೇ ಬದಲಿಸಿ. ಹೊಸ ರೋಸೆಟ್ ಇಲೆಕ್ಟ್ರಿಕಲ್ ಅಂಗಡಿಯಲ್ಲಿ ಐವತ್ತು ರೂಪಾಯಿ ಆಸುಪಾಸಿಗೆ ಸಿಗುತ್ತದೆ.

ಮಾಡಿನ ಅಡಿಯಲ್ಲೋ ಗೋಡೆಯ ಹೊರಗೋ ತಂತಿಗೆ ತಂತಿ ಹೊಸೆದು ಟೇಪು ಸುತ್ತಿದ್ದರೆ ಅದನ್ನೂ ನೋಡಿ. ಟೇಪು ನೀರನ್ನು ತಡೆಯುವುದಿಲ್ಲ, ಒಳಗೆ ಹಿಡಿದಿಟ್ಟುಕೊಳ್ಳುತ್ತದೆ. ಟೆಲಿಫೋನ್ ಕೆಲಸದವರು ಯುವೈ ಕನೆಕ್ಟರ್ ಎಂಬ ಗುಂಡಿಯಂಥ ವಸ್ತು ಬಳಸುತ್ತಾರೆ. ಒಳಗೆ ಜೆಲ್ಲಿ ಇರುತ್ತದೆ. ಎರಡು ತಂತಿಗಳನ್ನು ಸಿಪ್ಪೆ ಸಮೇತ ತೂರಿಸಿ ಇಕ್ಕುಳದಲ್ಲಿ ಒತ್ತಿದರೆ ಜಾಯಿಂಟ್ ಆಯಿತು, ಜೆಲ್ಲಿ ನೀರು ಬರದಂತೆ ಸುತ್ತಲೂ ತುಂಬಿಕೊಳ್ಳುತ್ತದೆ. ಒಂದಕ್ಕೆ ಕೆಲವೇ ರೂಪಾಯಿ. ಲೈನ್‌ಮನ್ ಬಂದಾಗ ನಾಲ್ಕು ಕೇಳಿಟ್ಟುಕೊಳ್ಳಿ.

ಇನ್ನೊಂದು ಸಣ್ಣ ವಿಷಯ. ಹೊರಗಿನ ತಂತಿ ಗೋಡೆಯ ತೂತಿಗೆ ಮೇಲಿನಿಂದ ನೇರವಾಗಿ ಇಳಿದರೆ ಮಳೆನೀರು ತಂತಿಯ ಗುಂಟ ಹರಿದು ರೋಸೆಟ್‌ಗೇ ಬರುತ್ತದೆ. ತೂತಿಗಿಂತ ಕೆಳಗೆ ತಂತಿ ಒಮ್ಮೆ ಬಾಗಿ ಮತ್ತೆ ಮೇಲೇರಿ ಒಳಗೆ ಹೋಗಲಿ. ನೀರು ಆ ಬಾಗಿನಲ್ಲಿ ತೊಟ್ಟಿಕ್ಕಿ ಬಿದ್ದುಹೋಗುತ್ತದೆ.

ಸ್ಪ್ಲಿಟರ್ ಎಂಬುದು ಮಾತಿನ ಅಲೆ ಮತ್ತು ನೆಟ್‌ನ ಅಲೆಗಳನ್ನು ಬೇರೆ ಮಾಡುವ ಚಿಕ್ಕ ಡಬ್ಬಿ. ಅದಕ್ಕೆ ಮೂರು ಬಾಯಿ. ಲೈನ್ ಎಂದಿರುವಲ್ಲಿ ರೋಸೆಟ್ ತಂತಿ, ಮೋಡೆಮ್ ಎಂದಿರುವಲ್ಲಿ ಮೋಡೆಮ್, ಫೋನ್ ಎಂದಿರುವಲ್ಲಿ ಫೋನ್. ಅದಲುಬದಲಾದರೆ ಎರಡೂ ಕೆಡುತ್ತವೆ. ಮೋಡೆಮ್ ಆನ್ ಇದ್ದಾಗ ಮಾತ್ರ ಫೋನಿನಲ್ಲಿ ಹುಸ್ಸ್ ಎಂಬ ಸದ್ದು ಬಂದರೆ, ಅಥವಾ ಫೋನ್ ರಿಂಗಾದಾಗಲೆಲ್ಲ ನೆಟ್ ಕಡಿದರೆ, ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಹೊಸದಕ್ಕೆ ನೂರು ರೂಪಾಯಿ ಆಚೀಚೆ. ಮಹಡಿಯಲ್ಲೋ ಕೊಟ್ಟಿಗೆಯಲ್ಲೋ ಇನ್ನೊಂದು ಫೋನ್ ಇದೆಯೇ? ಅದರ ತಂತಿ ಸ್ಪ್ಲಿಟರ್‌ಗಿಂತ ಮುಂಚೆಯೇ ಕವಲೊಡೆದಿದ್ದರೆ ಅದಕ್ಕೂ ಬೇರೆ ಫಿಲ್ಟರ್ ಬೇಕು. ಫೋನ್ ತೆಗೆದು ವರ್ಷವಾದರೂ ಅದರ ತಂತಿ ಹಾಗೇ ತೂಗಾಡುತ್ತಿದ್ದರೆ ರೋಸೆಟ್‌ನಲ್ಲೇ ಬಿಡಿಸಿಹಾಕಿ. ನೆಟ್‌ನ ಅಲೆ ಆ ಕುರುಡು ತುದಿಗೆ ಬಡಿದು ಪ್ರತಿಧ್ವನಿಯ ಹಾಗೆ ಹಿಂದಿರುಗಿ ಮೂಲ ಅಲೆಯನ್ನು ಕೆಡಿಸುತ್ತದೆ. ಎಷ್ಟೋ ಮನೆಗಳಲ್ಲಿ ಹೀಗೆ ಮರೆತುಹೋದ ಒಂದು ತಂತಿ ಅಟ್ಟದ ಮೇಲೆ ಬಿದ್ದಿರುತ್ತದೆ.

ರೋಸೆಟ್‌ನಿಂದ ಮೋಡೆಮ್‌ಗೆ ಉದ್ದನೆಯ ಚಪ್ಪಟೆ ತಂತಿ ಎಳೆದಿದ್ದರೆ ತೆಗೆಯಿರಿ. ಚಪ್ಪಟೆ ತಂತಿಯಲ್ಲಿ ಎಳೆಗಳನ್ನು ಹೊಸೆದಿರುವುದಿಲ್ಲ, ಬೆಲ್‌ನ ಉಪಾಯ ಅಲ್ಲಿಗೆ ಮುಗಿಯಿತು. ಉದ್ದ ಬೇಕೇ ಬೇಕಾದರೆ ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ಲ್ಯಾನ್ ಕೇಬಲ್ ತನ್ನಿ. ಅದರೊಳಗೆ ಹೊಸೆದ ನಾಲ್ಕು ಜೋಡಿ ಇರುತ್ತವೆ. ಒಂದೇ ಬಣ್ಣದ ಒಂದು ಜೋಡಿ, ಉದಾಹರಣೆಗೆ ನೀಲಿ ಮತ್ತು ನೀಲಿ-ಬಿಳಿ, ಬಳಸಿ. ಬೇರೆ ಬೇರೆ ಜೋಡಿಯಿಂದ ಒಂದೊಂದು ಎಳೆ ತೆಗೆದರೆ ಹೊಸೆದದ್ದರ ಪ್ರಯೋಜನವಿಲ್ಲ. ಇನ್ನೂ ಒಳ್ಳೆಯದು, ಮೋಡೆಮ್ಮನ್ನೇ ರೋಸೆಟ್ ಹತ್ತಿರ ಇಡುವುದು.

ಇಷ್ಟೆಲ್ಲ ಮಾಡುವ ಮೊದಲು ತೊಂದರೆ ವೈಫೈಯದೇ ಎಂದೂ ನೋಡಬೇಕು. ಲ್ಯಾಪ್‌ಟಾಪನ್ನು ತಂತಿಯಲ್ಲಿ ಮೋಡೆಮ್‌ಗೆ ಸೇರಿಸಿ ವೇಗ ಅಳೆಯಿರಿ. ಆಗ ಸರಿಯಿದ್ದು ಒಳಕೋಣೆಯಲ್ಲಿ ಮಾತ್ರ ನಿಧಾನ ಎಂದಾದರೆ ಫೋನ್ ಲೈನಿನ ತಪ್ಪಿಲ್ಲ. ಮುರಕಲ್ಲಿನ, ಮಣ್ಣಿನ ದಪ್ಪ ಗೋಡೆಗಳು ವೈಫೈಯನ್ನು ನುಂಗುತ್ತವೆ.

ಮೋಡೆಮ್ ಹೇಳುವ ಮೂರು ಅಂಕಿ

ಕಿವಿಗೆ ಕೇಳುವುದು ಮಾತಿನ ಕಂಪನಾಂಕದ ಪಟ್ಟಿಯಲ್ಲಿನ ಗದ್ದಲ ಮಾತ್ರ. ಮೇಲಿನ ಪಟ್ಟಿಯದು ಮೋಡೆಮ್‌ಗೆ ಗೊತ್ತು. ಮೋಡೆಮ್‌ಗೆ ಸೇರಿಸಿದ ಕಂಪ್ಯೂಟರಿನಲ್ಲಿ ಬ್ರೌಸರ್ ತೆರೆದು 192.168.1.1 ಎಂದು ಬರೆಯಿರಿ. ಹೆಚ್ಚಿನ ಮೋಡೆಮ್‌ಗಳ ಒಳಪುಟ ಇದೇ ವಿಳಾಸದಲ್ಲಿ ತೆರೆಯುತ್ತದೆ. ಹೆಸರು, ಗುಪ್ತಪದ ಮೋಡೆಮ್‌ನ ಬೆನ್ನಮೇಲೆ ಅಂಟಿಸಿರುತ್ತದೆ. ಸ್ಟೇಟಸ್ ಎಂಬಲ್ಲಿ ಎಡಿಎಸ್‌ಎಲ್ ಅಥವಾ ಡಿಎಸ್‌ಎಲ್ ಎಂದಿರುವುದನ್ನು ಒತ್ತಿ. ನೋಡುವುದರಿಂದ ಏನೂ ಕೆಡುವುದಿಲ್ಲ. ಬದಲಿಸಬೇಡಿ, ಅಷ್ಟೇ. ಅಪ್ಪಿತಪ್ಪಿ ರೀಸೆಟ್ ಗುಂಡಿ ಒತ್ತಿ ಎಲ್ಲ ಅಳಿಸಿಹೋದರೆ, ಬಿಎಸ್‌ಎನ್‌ಎಲ್‌ನ ತಾಮ್ರದ ಸಂಪರ್ಕಕ್ಕೆ ವಿಪಿಐ 0, ವಿಸಿಐ 35 ಎಂದು ತುಂಬಿ, ನಿಮ್ಮ ಬಳಕೆದಾರ ಹೆಸರು, ಗುಪ್ತಪದ ಹಾಕಬೇಕು. ಅವನ್ನು ಈಗಲೇ ಡೈರಿಯಲ್ಲಿ ಬರೆದಿಡಿ.

ಮೊದಲ ಅಂಕಿ ಎಸ್‌ಎನ್‌ಆರ್ ಮಾರ್ಜಿನ್, ಅಂದರೆ ಗದ್ದಲದ ಎದುರು ನಿಮ್ಮ ಸಿಗ್ನಲ್ ಬೇಕಾದಷ್ಟಕ್ಕಿಂತ ಇನ್ನೂ ಎಷ್ಟು ಮೇಲಿದೆ ಎಂಬ ಮಿಗತೆ. ಹೆಚ್ಚಿದ್ದಷ್ಟು ಒಳ್ಳೆಯದು. 10 ಡೆಸಿಬೆಲ್ ಮೇಲಿದ್ದರೆ ನೆಮ್ಮದಿ. 6ಕ್ಕಿಂತ ಕೆಳಗೆ ಬಂದರೆ ಆಗಾಗ ಕಡಿಯುತ್ತದೆ. ಎರಡನೆಯದು ಅಟೆನ್ಯುಯೇಶನ್, ದಾರಿಯಲ್ಲಿ ಸಿಗ್ನಲ್ ಎಷ್ಟು ಸವೆದಿದೆ ಎಂಬ ಲೆಕ್ಕ. ಇದು ಕಡಿಮೆ ಇದ್ದಷ್ಟು ಒಳ್ಳೆಯದು. 30ರ ಒಳಗೆ ಚೆನ್ನ, 50 ದಾಟಿದರೆ ಕಷ್ಟ, 60 ದಾಟಿದರೆ ನಿಲ್ಲುವುದೇ ಅನುಮಾನ. ಸಾಮಾನ್ಯ ದಪ್ಪದ ತಂತಿಯಲ್ಲಿ ಕಿಲೋಮೀಟರಿಗೆ ಸುಮಾರು 14 ಡೆಸಿಬೆಲ್ ಸವೆಯುತ್ತದೆ. ಹಾಗಾದರೆ 42 ಎಂದು ತೋರಿಸಿದರೆ ತಂತಿಯ ಉದ್ದ ಮೂರು ಕಿಲೋಮೀಟರ್ ಆಯಿತು. ನಿಮ್ಮ ಎಕ್ಸ್‌ಚೇಂಜ್ ಒಂದೇ ಕಿಲೋಮೀಟರ್ ದೂರದಲ್ಲಿದ್ದು ಅಂಕಿ 50 ಎಂದಿದ್ದರೆ ತಂತಿ ಸುತ್ತಿಬಳಸಿ ಬಂದಿರಬೇಕು, ಇಲ್ಲವೇ ನಡುವೆ ಜಾಯಿಂಟ್ ಕೆಟ್ಟಿರಬೇಕು. ಈ ಲೆಕ್ಕ ಲೈನ್‌ಮನ್ ಮುಂದೆ ಇಟ್ಟರೆ ಮಾತಿಗೆ ತೂಕ ಬರುತ್ತದೆ. ಮೂರನೆಯದು ಸಿಆರ್‌ಸಿ ದೋಷಗಳ ಎಣಿಕೆ. ಬರುವಾಗ ಮುರಿದುಹೋದ ಮಾಹಿತಿಯ ತುಂಡುಗಳು ಇವು. ದಿನಕ್ಕೆ ಕೆಲವು ಇದ್ದರೆ ಪರವಾಗಿಲ್ಲ. ಪುಟವನ್ನು ಮತ್ತೆ ತೆರೆದಾಗಲೆಲ್ಲ ನೂರಾರು ಏರುತ್ತಿದ್ದರೆ ಲೈನಿನಲ್ಲಿ ಗದ್ದಲ ಇದೆ.

ಅಂಕಿಗಳನ್ನು ಬೆಳಿಗ್ಗೆ, ಸಂಜೆ, ರಾತ್ರಿ ಒಂದು ವಾರ ಬರೆಯಿರಿ. ಅಟೆನ್ಯುಯೇಶನ್ ಹೆಚ್ಚುಕಮ್ಮಿ ಒಂದೇ ಇರಬೇಕು. ಮಳೆ ಬಂದಾಗ ಅದು ಏರಿದರೆ ಜಾಯಿಂಟಿಗೆ ನೀರು ಹೋಗುತ್ತಿದೆ. ಮಾರ್ಜಿನ್ ಮಾತ್ರ ರಾತ್ರಿ ಒಂದೆರಡು ಡೆಸಿಬೆಲ್ ಇಳಿದರೆ ಗಾಬರಿ ಬೇಡ. ರಾತ್ರಿ ಹೊತ್ತು ದೂರದೂರದ ಮೀಡಿಯಂ ವೇವ್ ರೇಡಿಯೊ ಕೇಂದ್ರಗಳ ಅಲೆಗಳು ನಮ್ಮಲ್ಲಿಗೆ ತಲುಪುತ್ತವೆ. ಆಕಾಶವಾಣಿ ಬೆಂಗಳೂರಿನ 612 ಕಿಲೋಹರ್ಟ್ಜ್, ಧಾರವಾಡದ 765 ಎರಡೂ ನಿಮ್ಮ ನೆಟ್ ಬಳಸುವ ಪಟ್ಟಿಯೊಳಗೇ ಬರುತ್ತವೆ.

ಈ ಕಾರಣಕ್ಕೇ ಮನೆಯ ಹಳೆಯ ಟ್ರಾನ್ಸಿಸ್ಟರ್ ಗದ್ದಲ ಹುಡುಕುವ ಯಂತ್ರವಾಗುತ್ತದೆ. ಮೀಡಿಯಂ ವೇವ್‌ಗೆ ಹಾಕಿ. ಯಾವ ಕೇಂದ್ರವೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ. ಮೋಡೆಮ್ ಹತ್ತಿರದಿಂದ ಶುರುಮಾಡಿ ಮನೆಯೆಲ್ಲ ಓಡಾಡಿ. ಎಲ್ಲಿ ಕರಕರ ಜೋರಾಗುತ್ತದೋ ಅಲ್ಲಿನ ಉಪಕರಣ ಆರಿಸಿ ನೋಡಿ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಹಳೆಯ ಇನ್ವರ್ಟರ್ ಹೆಚ್ಚಾಗಿ ಸಿಕ್ಕಿಬೀಳುತ್ತವೆ. ಮೋಡೆಮ್‌ನ ಅಡಾಪ್ಟರೇ ಗದ್ದಲ ಮಾಡುವುದೂ ಉಂಟು. ಸಂಜೆ ಆರೂವರೆಗೆ ಸರಿಯಾಗಿ ನೆಟ್ ಕೆಡುತ್ತದೆ ಎನ್ನುವವರು ಆ ಹೊತ್ತಿಗೆ ಯಾವ ದೀಪ ಹಾಕುತ್ತೀರಿ ಎಂದು ಗಮನಿಸಿ.

ಹೊರಗಿನ ದೋಷಕ್ಕೆ ದೂರು ಕೊಡುವ ರೀತಿ

ನೆಟ್ ನಿಧಾನ ಎಂದು ದೂರು ಕೊಟ್ಟರೆ ಮೋಡೆಮ್ ಆರಿಸಿ ಹಾಕಿ ಎಂಬ ಉತ್ತರ ಬರುವುದೇ ಹೆಚ್ಚು. ಕಿವಿಯ ಪರೀಕ್ಷೆಯಲ್ಲಿ ಸದ್ದು ಕೇಳಿದ್ದರೆ, ಫೋನಿನಲ್ಲಿ ಗೊರಗೊರ ಇದೆ, ರೋಸೆಟ್‌ಗೆ ನೇರವಾಗಿ ಒಂದೇ ಫೋನ್ ಹಾಕಿ ನೋಡಿದ್ದೇನೆ ಎಂದು ಹೇಳಿ. ಆಗ ಅದು ಲೈನಿನ ದೋಷವೆಂದು ದಾಖಲಾಗುತ್ತದೆ. ಎಕ್ಸ್‌ಚೇಂಜಿನಿಂದ ನಿಮ್ಮ ಜೋಡಿಯನ್ನು ಅಳೆದು ನೋಡಬಹುದು. ಯಾವ ಎಳೆ ನೆಲಕ್ಕೆ ಸೋರುತ್ತಿದೆ, ಯಾವುದು ಕಡಿದಿದೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ದೂರು ಕೊಡಬೇಕಾದ ಫೋನ್ ಸಂಖ್ಯೆ ನಿಮ್ಮ ಬಿಲ್ಲಿನ ಮೇಲಿರುತ್ತದೆ. ದೂರು ಕೊಟ್ಟ ಮೇಲೆ ಸಿಗುವ ಡಾಕೆಟ್ ನಂಬರ್, ಅಂದರೆ ದೂರಿನ ಕ್ರಮಸಂಖ್ಯೆ, ಬರೆದುಕೊಳ್ಳದೆ ಫೋನ್ ಇಡಬೇಡಿ. ಮುಂದೆ ಎಲ್ಲದಕ್ಕೂ ಅದೇ ಆಧಾರ. ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಪ್ರತಿ ದೂರಸಂಪರ್ಕ ಕಂಪನಿಯಲ್ಲೂ ಈ ಎರಡು ಹಂತ ಇರಬೇಕೆಂಬುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ ನಿಯಮ. ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ತಾನೇ ವಿಚಾರಿಸುವುದಿಲ್ಲ, ಅಲ್ಲಿಗೆ ಬರೆದು ದಿನ ಕಳೆಯಬೇಡಿ. ಅದರ ಬದಲು ಕೇಂದ್ರ ಸರ್ಕಾರದ ಕುಂದುಕೊರತೆ ಜಾಲತಾಣ ಸಿಪಿಗ್ರಾಮ್ಸ್‌ನಲ್ಲಿ ದೂರಸಂಪರ್ಕ ಇಲಾಖೆಯನ್ನು ಆರಿಸಿ ದೂರು ಹಾಕಬಹುದು. ಅದಕ್ಕೆ ಶುಲ್ಕವಿಲ್ಲ.

ವೇಗದ ಬಗ್ಗೆ ದೂರುವಾಗ ಒಂದು ಲೆಕ್ಕ ಗೊತ್ತಿರಲಿ. ಕಂಪನಿ ಹೇಳುವುದು ಮೆಗಾಬಿಟ್‌ನಲ್ಲಿ, ಕಂಪ್ಯೂಟರ್ ಡೌನ್‌ಲೋಡ್ ತೋರಿಸುವುದು ಹೆಚ್ಚಾಗಿ ಮೆಗಾಬೈಟ್‌ನಲ್ಲಿ. ಎಂಟು ಬಿಟ್‌ಗೆ ಒಂದು ಬೈಟ್. 4 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಅರ್ಧ ಮೆಗಾಬೈಟ್ ಬಂದರೆ ಅದೇ ಪೂರ್ತಿ. ಅದರಲ್ಲೂ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಮಾಹಿತಿಯ ಹೊದಿಕೆಗೇ ಹೋಗುತ್ತದೆ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ ನಮ್ಮಲ್ಲಿ 2004ರ ನೀತಿಯಲ್ಲಿ 256 ಕಿಲೋಬಿಟ್ ಇತ್ತು, 2013ರಲ್ಲಿ 512 ಆಯಿತು, 2023ರಿಂದ 2 ಮೆಗಾಬಿಟ್. ನಿಮ್ಮದು ಇದಕ್ಕಿಂತ ಕೆಳಗಿದ್ದರೆ ದೂರಿನಲ್ಲಿ ಈ ಮಾತು ಬರೆಯಿರಿ.

ಲೈನ್‌ಮನ್ ಬಂದಾಗ ನೀವು ಮನೆಯಲ್ಲಿರಿ. ವಾರದ ಅಂಕಿಗಳನ್ನು ತೋರಿಸಿ. ತೋಟದಲ್ಲಿ ತಂತಿ ಹೋದ ದಾರಿ ನಿಮಗೇ ಚೆನ್ನಾಗಿ ಗೊತ್ತು, ಜೊತೆಗೆ ನಡೆಯಿರಿ. ಅಡಿಕೆ ಸೋಗೆ ಬಿದ್ದು ಜಗ್ಗಿದ ಜಾಗ, ಮಂಗ ಜೋತಾಡಿದ ಜಾಗ, ಹೋದ ವರ್ಷ ಹೊಸೆದು ಬಿಟ್ಟ ಜಾಗ, ಎಲ್ಲ ತೋರಿಸಿ. ಒಂದೇ ಕಂಬದವರೆಗೆ ಏಳೆಂಟು ಜಾಯಿಂಟ್ ಇದ್ದರೆ ಆ ತುಂಡನ್ನೇ ಬದಲಿಸಲು ಕೇಳಿ. ಕಂಬದ ಪೆಟ್ಟಿಗೆಯವರೆಗೆ ಸದ್ದಿಲ್ಲದೆ, ಅಲ್ಲಿಂದಾಚೆ ಇದೆ ಎಂದಾದರೆ, ಕೇಬಲ್ಲಿನಲ್ಲಿ ಖಾಲಿ ಇರುವ ಬೇರೆ ಜೋಡಿಗೆ ನಿಮ್ಮ ಲೈನ್ ಬದಲಿಸಬಹುದೇ ಎಂದು ಕೇಳಿ. ಅರ್ಧ ತಾಸಿನ ಕೆಲಸ, ಎಷ್ಟೋ ಸಲ ಇದರಿಂದಲೇ ವರ್ಷಗಳ ತೊಂದರೆ ಮುಗಿಯುತ್ತದೆ. ಕೆಲವೇ ಲೈನ್‌ಮನ್‌ಗಳು ಊರೂರು ನೋಡಿಕೊಳ್ಳುವ ಈ ಕಾಲದಲ್ಲಿ ಅವರು ಒಮ್ಮೆ ಬಂದ ಹೊತ್ತು ವ್ಯರ್ಥವಾಗಬಾರದು.

ಜಾಯಿಂಟ್ ಸರಿಯಾಗುವವರೆಗೆ ತಾತ್ಕಾಲಿಕ ಉಪಾಯ ಒಂದಿದೆ. ನನ್ನ ಲೈನಿನ ವೇಗ ಸ್ವಲ್ಪ ಇಳಿಸಿ ಕೊಡಿ ಎಂದು ಎಕ್ಸ್‌ಚೇಂಜಿಗೆ ಕೇಳಬಹುದು. 8 ಮೆಗಾಬಿಟ್‌ನಲ್ಲಿ ದಿನಕ್ಕೆ ಇಪ್ಪತ್ತು ಸಲ ಕಡಿಯುವ ಲೈನ್ 4ರಲ್ಲಿ ಇಡೀ ದಿನ ನಿಲ್ಲಬಹುದು. ವೇಗ ಇಳಿಸಿದಷ್ಟೂ ಮಾರ್ಜಿನ್ ಏರುತ್ತದೆ. ಪಾಠ ಕೇಳುವ ಮಕ್ಕಳಿಗೆ ವೇಗಕ್ಕಿಂತ ಕಡಿಯದೆ ಇರುವುದು ಮುಖ್ಯ.

ಸಿಡಿಲಿನ ಕಾಲದಲ್ಲಿ, ಅಂದರೆ ಏಪ್ರಿಲ್, ಮೇ ಮತ್ತು ಹಿಂಗಾರಿನ ಅಕ್ಟೋಬರ್‌ನಲ್ಲಿ, ಆಕಾಶ ಕಪ್ಪಾದ ಕೂಡಲೇ ಮೋಡೆಮ್‌ನ ಕರೆಂಟ್ ಪ್ಲಗ್ ಮತ್ತು ಫೋನ್ ತಂತಿ ಎರಡನ್ನೂ ಕಳಚಿ. ಒಂದನ್ನೇ ತೆಗೆದು ಇನ್ನೊಂದನ್ನು ಬಿಟ್ಟು ಮೋಡೆಮ್ ಸುಟ್ಟುಕೊಂಡವರೇ ಹೆಚ್ಚು. ಹೊಸ ಮೋಡೆಮ್‌ಗೆ ಸಾವಿರದಿಂದ ಒಂದೂವರೆ ಸಾವಿರ ರೂಪಾಯಿ ಬೇಕು.

ಫೈಬರ್‌ಗೆ ಹೋಗಬೇಕೇ?

ಬಂದಿದ್ದರೆ ಹೋಗಿ. ಬಿಎಸ್‌ಎನ್‌ಎಲ್ ತಾಮ್ರದ ಸಂಪರ್ಕಗಳನ್ನು ಫೈಬರ್‌ಗೆ ಬದಲಿಸುತ್ತಾ ಬಂದಿದೆ. ಹಲವು ಊರುಗಳಲ್ಲಿ ಸ್ಥಳೀಯ ಕೇಬಲ್‌ನವರೇ ಸಹಭಾಗಿಗಳಾಗಿ ಮನೆಗೆ ಎಳೆದುಕೊಡುತ್ತಾರೆ. ಫೈಬರ್ ಎಂದರೆ ಬೆಳಕು ಹರಿಯುವ ಗಾಜಿನ ಎಳೆ. ಅದಕ್ಕೆ ಕಿಲುಬು ಹಿಡಿಯುವುದಿಲ್ಲ, ಬೇಲಿಯ ಹೊಡೆತ ಕೇಳುವುದಿಲ್ಲ, ರೇಡಿಯೊ ತಾಗುವುದಿಲ್ಲ. ತಿಂಗಳ ಬಾಡಿಗೆ 400-500 ರೂಪಾಯಿಯಿಂದ ಶುರುವಾಗುತ್ತದೆ, ಮೇಲೆ ಶೇಕಡ 18 ಜಿಎಸ್‌ಟಿ. ಮನೆ ದೂರವಿದ್ದರೆ ಎಳೆಯುವ ಖರ್ಚು ಎಷ್ಟು, ಮೋಡೆಮ್ ಯಾರದ್ದು, ಮರ ಬಿದ್ದು ಕಡಿದರೆ ಸರಿಪಡಿಸುವವರು ಯಾರು ಎಂದು ಮೊದಲೇ ಕೇಳಿ, ಬರೆಸಿಕೊಳ್ಳಿ. ಅಕ್ಕಪಕ್ಕದ ನಾಲ್ಕು ಮನೆಯವರು ಒಟ್ಟಾಗಿ ಕೇಳಿದರೆ ಎಳೆಯಲು ಒಪ್ಪುವುದು ಬೇಗ. ಹಳೆಯ ನಂಬರನ್ನೇ ಉಳಿಸಿಕೊಡಿ ಎಂದು ಅರ್ಜಿಯಲ್ಲಿ ಬರೆಯಿರಿ.

ಒಂದು ವ್ಯತ್ಯಾಸ ಮಾತ್ರ ಹಳ್ಳಿಯವರಿಗೆ ಮುಖ್ಯ. ತಾಮ್ರದ ಫೋನ್ ಕರೆಂಟ್ ಹೋದರೂ ನಡೆಯುತ್ತಿತ್ತು. ಅದಕ್ಕೆ ಬೇಕಾದ 48 ವೋಲ್ಟ್ ಎಕ್ಸ್‌ಚೇಂಜಿನ ಬ್ಯಾಟರಿಯಿಂದ ತಂತಿಯಲ್ಲೇ ಬರುತ್ತಿತ್ತು. ಫೈಬರಿನಲ್ಲಿ ಬೆಳಕು ಬರುತ್ತದೆ, ವಿದ್ಯುತ್ ಬರುವುದಿಲ್ಲ. ಕರೆಂಟ್ ಹೋದ ಕ್ಷಣಕ್ಕೆ ನೆಟ್ಟೂ ಫೋನೂ ನಿಲ್ಲುತ್ತವೆ. ಮೊಬೈಲ್ ಸಿಗ್ನಲ್ ಇಲ್ಲದ ಮನೆಯಲ್ಲಿ ವಯಸ್ಸಾದವರಿದ್ದರೆ ಇದು ಸಣ್ಣ ಮಾತಲ್ಲ. ರೂಟರ್‌ಗೆಂದೇ ಸಿಗುವ ಚಿಕ್ಕ ಯುಪಿಎಸ್ ಒಂದನ್ನು ಅದೇ ದಿನ ಹಾಕಿಸಿಕೊಳ್ಳಿ. ಸಾವಿರದಿಂದ ಎರಡು ಸಾವಿರ ರೂಪಾಯಿಗೆ ಕಂಪ್ಯೂಟರ್ ಅಂಗಡಿಗಳಲ್ಲಿ ಸಿಗುತ್ತದೆ. ಕೊಳ್ಳುವ ಮುನ್ನ ಮೋಡೆಮ್‌ನ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದಿದೆಯೋ 9 ಎಂದಿದೆಯೋ, ಎಷ್ಟು ಆಂಪಿಯರ್ ಎಂದಿದೆಯೋ ನೋಡಿ ಚೀಟಿಯಲ್ಲಿ ಬರೆದುಕೊಂಡು ಹೋಗಿ.